‘ಅಗ್ಗ’ ಮತ್ತು ‘ಅರ್ಘ್ಯ’: ಒಂದು ಶಬ್ದವಿಮರ್ಶೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಪೇಟೆಗಳಲ್ಲಿ ಗಿರಾಕಿಗಳ ಬಾಯಲ್ಲಿ ನಿತ್ಯ ಕೇಳಿಬರುವ ಮಾತು ‘ಸೋವಿ’. ಗ್ರಂಥಸ್ಥ ಕನ್ನಡದಲ್ಲಿ ಇದೇ ‘ಅಗ್ಗ’; ಗಡಿಭಾಗದ ಮರಾಠಿಯಲ್ಲಿ ‘ಸ್ವಸ್ತ’. ಮೂರೂ ಶಬ್ದಗಳನ್ನು ಜನರು ‘ಲಾಭದ ಖರೀದಿ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಆದರೆ ಲಾಭ ಯಾರಿಗೆ, ಯಾರ ಹಾನಿಯಿಂದ ಎಂಬುದನ್ನು ಈ ಬಳಕೆ ಕೇಳುವುದಿಲ್ಲ.

ಸಂಸ್ಕೃತದ ‘ಅರ್ಘ’ ಎಂದರೆ ಬೆಲೆ. ಪ್ರಾಕೃತದಲ್ಲಿ ಅದು ‘ಅಗ್ಘ’. ಕನ್ನಡದ ‘ಅಗ್ಗ’ ಅದರ ತದ್ಭವ. ತುಟ್ಟಿಯಾದುದು ‘ಮಹಾರ್ಘ’; ಮರಾಠಿಯ ‘ಮಹಾಗ’ ಅದರಿಂದ ಬಂದುದು. ಬಸದಿಯಲ್ಲಿ ಅಷ್ಟದ್ರವ್ಯಗಳನ್ನು ಕೂಡಿಸಿ ಸಮರ್ಪಿಸುವ ‘ಅರ್ಘ್ಯ’ವೂ ಇದೇ ಮೂಲದ್ದು. ಮೌಲ್ಯವನ್ನು ಹೇಳುತ್ತಿದ್ದ ಶಬ್ದವು ಕನ್ನಡದಲ್ಲಿ ಬೆಲೆಯ ಇಳಿಕೆಯನ್ನು ಮಾತ್ರ ಹೇಳುವಂತಾಯಿತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ. ಕಳವಿನ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಅಸಲಿನ ಬದಲು ನಕಲಿಯನ್ನು ನಡೆಸುವುದು ಅವುಗಳಲ್ಲಿ ಸೇರಿವೆ. ‘ವಿರುದ್ಧರಾಜ್ಯಾತಿಕ್ರಮ’ವನ್ನು ವಿವರಿಸುವಲ್ಲಿ ಪೂಜ್ಯಪಾದಾಚಾರ್ಯರು, ಅಂಥ ರಾಜ್ಯದಲ್ಲಿ ಬಹುಮೌಲ್ಯದ ದ್ರವ್ಯಗಳನ್ನು ಅಲ್ಪಬೆಲೆಗೆ ಪಡೆಯುವ ಪ್ರಯತ್ನವನ್ನು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟವಾಗಿ ಸೂಚಿಸಿದ್ದಾರೆ. ಎರಡು ರಾಜ್ಯಗಳ ಗಡಿಯಲ್ಲಿ ವ್ಯಾಪಾರ ಮಾಡುವವರಿಗೆ ಈ ಮಾತು ದೂರದ್ದಲ್ಲ. ತೆರಿಗೆ ತಪ್ಪಿಸಿ, ಪಾವತಿಯಿಲ್ಲದೆ ತಂದ ಮಾಲು ಸೋವಿಯಾಗಿ ಕಾಣುವುದು ಸಹಜ. ಉಳಿದ ಹಣ ಮಾತ್ರ ನ್ಯಾಯಾರ್ಜಿತವಲ್ಲ.

ಬೆಳೆದವನಿಗೆ ಸಲ್ಲಬೇಕಾದುದನ್ನು ಕಡಿತಗೊಳಿಸಿದಾಗಲೂ ಮಾಲು ಸೋವಿಯಾಗುತ್ತದೆ. ನಿಪ್ಪಾಣಿಯ ತಂಬಾಕು ಬೆಳೆಗಾರರು 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ನ್ಯಾಯವಾದ ಬೆಲೆಗಾಗಿ ರಸ್ತೆಯಲ್ಲಿ ಕುಳಿತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ತಂಬಾಕಿನ ಸೇವನೆ ಶ್ರಾವಕರಿಗೆ ಸಲ್ಲದು, ನಿಜ. ಅದರಿಂದ ಬೆಳೆಗಾರನ ಶ್ರಮದ ಪ್ರಶ್ನೆ ಇಲ್ಲವಾಗುವುದಿಲ್ಲ.

ಬಡ ಸಂಸಾರವು ಸೋವಿಯನ್ನು ಅರಸುವುದು ದೋಷವಲ್ಲ. ಬಸದಿಯ ಹಣ ಸಮಾಜದ್ದು, ಅದನ್ನು ಮಿತವಾಗಿ ವೆಚ್ಚ ಮಾಡಬೇಕೆಂಬ ವಿಶ್ವಸ್ತರ ವಾದವೂ ಯುಕ್ತವೇ. ಆದರೆ ಜೀರ್ಣೋದ್ಧಾರದ ಕೆಲಸವನ್ನು ಅತಿ ಕಡಿಮೆ ದರದವನಿಗೆ ಒಪ್ಪಿಸುವ ಮೊದಲು ಆ ದರ ಹೇಗೆ ಇಳಿಯಿತೆಂದು ವಿಚಾರಿಸಬೇಕು. ಸಿಮೆಂಟು ಕಡಿಮೆಯಾಗಿ ಇಳಿಯಿತೇ? ಕೂಲಿಕಾರರ ಪಗಾರ ಕಡಿಮೆಯಾಗಿ ಇಳಿಯಿತೇ? ಜಾಣ್ಮೆಯಿಂದಲೋ ಮಿತಲಾಭದಿಂದಲೋ ಇಳಿದಿದ್ದರೆ ಅದು ಸ್ವೀಕಾರ್ಯ.

ಜಿನೇಂದ್ರನ ಮುಂದೆ ಅರ್ಘ್ಯವನ್ನು ಎತ್ತುವ ಕೈಯೇ ಅಂಗಡಿಯಲ್ಲಿ ತಕ್ಕಡಿಯನ್ನೂ ಹಿಡಿಯುತ್ತದೆ. ಎರಡು ಕಡೆಯೂ ಮೌಲ್ಯ ಒಂದೇ ಆಗಿರಲಿ.