ಆರನೆಯ ಅಂಕ

ಕಾಲೇಜಿನ ಪಾಠವನ್ನು ಹೈಸ್ಕೂಲಿನಲ್ಲೇ ಕಲಿಸುವ ಒಂದು ವ್ಯವಸ್ಥೆ ಅಮೆರಿಕದಲ್ಲಿದೆ. ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಎಂಬುದು ಅದರ ಹೆಸರು, ರೂಢಿಯಲ್ಲಿ ಎ.ಪಿ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1950ರ ದಶಕದಿಂದ ಇದನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲೂ ಮಕ್ಕಳು ಯಾವ ಯಾವ ಎ.ಪಿ. ತೆಗೆದುಕೊಂಡಿದ್ದಾರೆ ಎಂಬುದು ದೊಡ್ಡ ಮಾತು. ಗಣಿತ, ಭೌತಶಾಸ್ತ್ರಗಳ ಸಾಲಿನಲ್ಲಿ ಇಂಗ್ಲಿಷ್ ಸಾಹಿತ್ಯವೂ ಒಂದು ವಿಷಯ. ಗಣಿತದ ಉತ್ತರಕ್ಕೆ ಅಂಕ ಹಾಕುವುದರಲ್ಲಿ ಹೆಚ್ಚಿನ ತಕರಾರಿಲ್ಲ. ಹದಿನೇಳು ವರ್ಷದ ಹುಡುಗಿ ಒಂದು ಕವಿತೆಯನ್ನು ಓದಿ ತನಗೆ ತೋಚಿದ್ದನ್ನು ಬರೆದರೆ ಅದಕ್ಕೆ ಅಂಕ ಹಾಕುವುದು ಹೇಗೆ?

ಪರೀಕ್ಷೆ ಮೂರು ಗಂಟೆಯದು. ಮೊದಲ ಒಂದು ಗಂಟೆಯಲ್ಲಿ 55 ಬಹು ಆಯ್ಕೆಯ ಪ್ರಶ್ನೆಗಳು. ಉಳಿದ ಎರಡು ಗಂಟೆಯಲ್ಲಿ ಮೂರು ಪ್ರಬಂಧಗಳು: ಒಂದು ಕವಿತೆಯ ಮೇಲೆ, ಒಂದು ಗದ್ಯಭಾಗದ ಮೇಲೆ, ಇನ್ನೊಂದು ವಿದ್ಯಾರ್ಥಿಯೇ ಆರಿಸಿಕೊಳ್ಳುವ ಕಾದಂಬರಿ ಅಥವಾ ನಾಟಕದ ಮೇಲೆ. ಒಂದೊಂದಕ್ಕೆ ಸರಾಸರಿ ನಲವತ್ತು ನಿಮಿಷ. ಮೊದಲೆರಡು ಪ್ರಬಂಧಗಳಿಗೆ ಕೊಡುವ ಕವಿತೆ, ಗದ್ಯಗಳು ಯಾವ ನಿಗದಿತ ಪಠ್ಯದಿಂದಲೂ ಬಂದವಲ್ಲ.

ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ನಮ್ಮಲ್ಲಿ 'ಸಂದರ್ಭ ಸಹಿತ ವಿವರಿಸಿ' ಎಂಬ ಪ್ರಶ್ನೆಗೆ ಯಾರು ಯಾರಿಗೆ ಹೇಳಿದರು ಎಂದು ನೆನಪಿಟ್ಟು ಬರೆದರೆ ಸಾಕು. ಉಳಿದದ್ದನ್ನು ಗೈಡುಗಳು ನೋಡಿಕೊಳ್ಳುತ್ತವೆ. ಅಲ್ಲಿ ಆ ಕವಿತೆಗೆ ಗೈಡಿಲ್ಲ. ಮಗು ಮತ್ತು ಕವಿತೆ, ನಡುವೆ ಯಾರೂ ಇಲ್ಲ. ಮಕ್ಕಳ ಮೇಲೆ ಇಷ್ಟು ವಿಶ್ವಾಸವಿಡುವ ಸಾಹಿತ್ಯ ಪರೀಕ್ಷೆ ನಮ್ಮಲ್ಲಿ ಇನ್ನೂ ಬರಬೇಕಾಗಿದೆ.

ಆದರೆ ಅಂಕ ಹಾಕುವ ಕ್ರಮಕ್ಕೆ ಬಂದಾಗ ಮಾತು ಬೇರೆಯಾಗುತ್ತದೆ. 2019ರವರೆಗೆ ಪ್ರಬಂಧವನ್ನು ಇಡಿಯಾಗಿ ಓದಿ ಒಂಬತ್ತರಲ್ಲಿ ಇಷ್ಟು ಎಂದು ಹಾಕುತ್ತಿದ್ದರು. ಆಮೇಲೆ ಆರು ಅಂಕಗಳ ಹೊಸ ಅಳತೆಗೋಲು ಬಂತು. ಸಮರ್ಥಿಸಬಲ್ಲ ಒಂದು ವಾದವಿದ್ದರೆ ಒಂದು ಅಂಕ. ಅದಕ್ಕೆ ಕೃತಿಯಿಂದ ಆಧಾರ ಕೊಟ್ಟು ವಿವರಿಸಿದ್ದಕ್ಕೆ ನಾಲ್ಕರವರೆಗೆ. ಕೊನೆಯ ಒಂದು ಅಂಕ 'ಪ್ರೌಢಿಮೆ'ಗೆ. ಕೃತಿಯೊಳಗಿನ ಎಳೆದಾಟವನ್ನು ಗುರುತಿಸುವುದು, ತನ್ನ ಓದಿಗಿಂತ ಬೇರೆಯಾದ ಓದೂ ಸಾಧ್ಯವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಕೃತಿಯನ್ನು ವಿಶಾಲ ಸಂದರ್ಭದಲ್ಲಿಟ್ಟು ನೋಡುವುದು, ಶೈಲಿಯಲ್ಲಿ ಜೀವವಿರುವುದು - ಇವೆಲ್ಲ ಆ ಒಂದೇ ಅಂಕದ ಪಾಲಿಗೆ ಬಂದಿವೆ. ಸಾಹಿತ್ಯವನ್ನು ಓದುವುದೆಂದರೆ ಏನೆಂದು ನಾವು ತಿಳಿದುಕೊಂಡಿದ್ದೇವೆಯೋ ಅದಷ್ಟೂ ಆರರಲ್ಲಿ ಒಂದು! ಅದೂ ಸುಲಭಕ್ಕೆ ಸಿಗುವಂಥದ್ದಲ್ಲ. ಆದ್ದರಿಂದ ಅದನ್ನು ಬಿಟ್ಟು ಉಳಿದ ಐದರ ಮೇಲೆ ಗಮನವಿಡುವುದು ಜಾಣತನವೆಂದು ಮಕ್ಕಳು ಬೇಗ ಕಲಿಯುತ್ತಾರೆ.

ಇದರಿಂದ ಏನಾಗುತ್ತದೆ ಎಂಬುದನ್ನು ಮೂರನೆಯ ಪ್ರಬಂಧದಲ್ಲಿ ಕಾಣಬಹುದು. ಅದರ ಜೊತೆ ಕೃತಿಗಳ ಒಂದು ಪಟ್ಟಿ ಕೊಡುತ್ತಾರೆ. ರಾಲ್ಫ್ ಎಲಿಸನ್, ಟೋನಿ ಮಾರಿಸನ್ ಅವರ ಕಾದಂಬರಿಗಳು ಅದರಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಆದರೆ ಪಟ್ಟಿಯಿಂದಲೇ ಆರಿಸಬೇಕೆಂದಿಲ್ಲ, ತಾನು ಓದಿದ ಬೇರೆ ಕೃತಿಯ ಬಗ್ಗೆಯೂ ಬರೆಯಬಹುದು. ಅಂದರೆ ಅಲ್ಲಿನ ಒಬ್ಬ ಕನ್ನಡದ ಹುಡುಗಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿ ಅದರ ಬಗ್ಗೆ ಬರೆದರೆ ಯಾರೂ ತಡೆಯುವಂತಿಲ್ಲ. ದೊಡ್ಡ ಸ್ವಾತಂತ್ರ್ಯವೇ ಸರಿ. ಆದರೆ ಆ ಉತ್ತರವನ್ನು ಓದುವ ಮೌಲ್ಯಮಾಪಕರು ಆ ಕೃತಿಯ ಹೆಸರನ್ನೂ ಕೇಳಿರಲಾರರು. ನಲವತ್ತು ನಿಮಿಷದಲ್ಲಿ ಹುಡುಗಿ ಅವರಿಗೆ ಊರು ತಿಳಿಸಬೇಕು, ತಲಾಖಿನ ವಿಚಾರ ತಿಳಿಸಬೇಕು, ನಂತರ ತನ್ನ ವಾದ ಹೂಡಬೇಕು. ಧರ್ಮ ಹೆಣ್ಣನ್ನು ತುಳಿಯುತ್ತದೆ ಎಂದು ಒಂದು ಸಾಲು ಬರೆದುಬಿಟ್ಟರೆ ವಾದದ ಅಂಕ ಸಿಕ್ಕಿತು. ಓದುವವರು ಮೊದಲೇ ನಿರೀಕ್ಷಿಸುವ ಸಾಲು ಅದು, ಹೆಚ್ಚು ವಿವರಣೆ ಬೇಡ. ಆದರೆ ನಾದಿರಾಳ ಕತೆಯಲ್ಲಿ ಅಷ್ಟೇ ಇದೆಯೇ? ಹಣದ ವಿಷಯಕ್ಕೆ ಅಳಿಯನ ಮೇಲೆ ಮುನಿದು ಮಗಳ ಸಂಸಾರವನ್ನೇ ಒಡೆಯುವ ಅಪ್ಪನ ಹಟವಿದೆ, ಬಡತನವಿದೆ, ಎದುರಾಡಲಾರದ ತಾಯಿಯಿದ್ದಾಳೆ. ಧರ್ಮದ ನಿಯಮ ಯಾರ ಕೈಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯಿದೆ. ಇದನ್ನೆಲ್ಲ ಬಿಡಿಸಲು ಹೊರಟವಳಿಗೆ ಗಡಿಯಾರ ಅಡ್ಡ ಬರುತ್ತದೆ, ಸಿಕ್ಕರೆ ಸಿಗುವುದು ಆ ಆರನೆಯ ಅಂಕ. (ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದರೂ ಅವು ಈ ಪ್ರಶ್ನೆಗೆ ಹೊಂದಲಾರವು, ಇಲ್ಲಿ ಕೇಳುವುದು ನೀಳ ಕೃತಿಗಳನ್ನು.)

ಶಾಲೆಯೊಳಗಿನ ಗ್ರೇಡಿನದು ಇನ್ನೊಂದು ಗೋಜಲು. ಅನೇಕ ಅಧ್ಯಾಪಕರು ತರಗತಿಯ ಪ್ರಬಂಧಗಳನ್ನೂ ಇದೇ ಆರರ ಅಳತೆಯಲ್ಲಿ ನೋಡುತ್ತಾರೆ. ಆರರಲ್ಲಿ ನಾಲ್ಕು ಪರೀಕ್ಷೆಯಲ್ಲಿ ಗೌರವದ ಅಂಕ. ಶೇಕಡಾವಾರು ಹಾಕಿದರೆ 67 - ಅಲ್ಲಿನ ರೂಢಿಯಲ್ಲಿ ಅದು 'ಡಿ'. ಹಾಗಾಗಿ ನಾಲ್ಕನ್ನು 85 ಎಂದೋ 'ಬಿ' ಎಂದೋ ಬದಲಿಸಿಕೊಳ್ಳುವ ಕೋಷ್ಟಕಗಳನ್ನು ಅಧ್ಯಾಪಕರೇ ಮಾಡಿಕೊಳ್ಳುತ್ತಾರೆ, ಪ್ರತಿಯೊಬ್ಬರದೂ ಒಂದೊಂದು ಬಗೆ. ಇದರ ಮೇಲೆ ಅನೇಕ ಶಾಲೆಗಳಲ್ಲಿ ಎ.ಪಿ. ತರಗತಿಯ 'ಎ'ಗೆ ನಾಲ್ಕರ ಬದಲು ಐದು ಪಾಯಿಂಟು. ಪುಸ್ತಕದ ಹುಚ್ಚಿನಿಂದ ಬಂದವರ ಪಕ್ಕದಲ್ಲೇ ಆ ಒಂದು ಪಾಯಿಂಟಿಗಾಗಿ ಬಂದವರೂ ಕೂತಿರುತ್ತಾರೆ. ಅವರನ್ನು ದೂರುವುದು ಹೇಗೆ? ಕಾಲೇಜಿನ ಬಾಗಿಲಲ್ಲಿ ಕೇಳುವುದು ಅದನ್ನೇ.

ಕೊನೆಯ ಫಲಿತಾಂಶ ಒಂದರಿಂದ ಐದರವರೆಗಿನ ಒಂದು ಸಂಖ್ಯೆ. ಮೂರು ಬಂದರೆ ಪಾಸು ಎಂದು ಲೆಕ್ಕ. 2021ರಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಪಡೆದವರು ಶೇ. 44ರಷ್ಟು, 2022ರಲ್ಲಿ ಶೇ. 78ರಷ್ಟು. ಒಂದೇ ವರ್ಷದಲ್ಲಿ ಆ ದೇಶದ ಮಕ್ಕಳೆಲ್ಲ ಕವಿತೆ ಓದಲು ಕಲಿತುಬಿಟ್ಟರೆಂದು ಯಾರೂ ನಂಬಲಾರರು. ಬದಲಾದದ್ದು ಗೆರೆ ಎಳೆದ ಜಾಗ. ಹಿಂದಿನ ಗೆರೆ ತೀರಾ ಬಿಗಿಯಾಗಿತ್ತು ಎನ್ನುವವರಿದ್ದಾರೆ, ಅದರಲ್ಲಿ ಹುರುಳೂ ಇದೆ. ಆದರೆ 2021ರಲ್ಲಿ ಎರಡು ಪಡೆದು, ತನಗೆ ಸಾಹಿತ್ಯ ಹೇಳಿಸಿದ್ದಲ್ಲ ಎಂದುಕೊಂಡು ಹೋದವರಿಗೆ ಯಾರು ಹೇಳಬೇಕು?

ನಾಲ್ಕೋ ಐದೋ ಬಂದವರ ಕತೆ ಇನ್ನೂ ವಿಚಿತ್ರ. ಅನೇಕ ಕಾಲೇಜುಗಳು ಆ ಅಂಕಕ್ಕೆ ಕ್ರೆಡಿಟ್ ಕೊಟ್ಟು ಮೊದಲ ವರ್ಷದ ಸಾಹಿತ್ಯದ ತರಗತಿಯಿಂದ ವಿನಾಯಿತಿ ನೀಡುತ್ತವೆ. ಚೆನ್ನಾಗಿ ಓದಿದವರಿಗೆ ಮುಂದೆ ಓದಬೇಕಾಗಿಲ್ಲ. ಎಂಜಿನಿಯರಿಂಗಿಗೋ ವೈದ್ಯಕೀಯಕ್ಕೋ ಹೊರಟವರಿಗೆ ಅದೇ ಕೊನೆಯ ಕಾದಂಬರಿಯಾದರೂ ಆಗಬಹುದು. ತಂದೆ ತಾಯಿಗಳಿಗೆ ಒಂದು ತರಗತಿಯ ಫೀಸು ಉಳಿಯುತ್ತದೆ, ಅಲ್ಲಿ ಅದು ಸಣ್ಣ ಮೊತ್ತವೇನಲ್ಲ.