ಗಂಡಿಗೇ ಹುಳು ಹೆಚ್ಚೆ?

'ಗಂಡು ಪ್ರಾಣಿಗಳಿಗೆ ಜಂತುಹುಳುಗಳ ಕಾಟ ಹೆಚ್ಚು. ಟೆಸ್ಟೊಸ್ಟೆರಾನ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ.' ಈ ಮಾತನ್ನು ನೀವು ಓದಿರಬಹುದು, ಪಾಠದಲ್ಲಿ ಹೇಳಿಯೂ ಇರಬಹುದು. ಇದಕ್ಕೆ ಆಧಾರವಾಗಿ 1996ರಲ್ಲಿ ರಾಬರ್ಟ್ ಪೂಲಿನ್ ಪ್ರಕಟಿಸಿದ ಸಮೀಕ್ಷೆಯನ್ನು ತೋರಿಸುವುದುಂಟು. ಅದರಲ್ಲಿ ಕಂಡದ್ದು ಒಂದು ಒಲವು ಮಾತ್ರ, ಅದೂ ಮುಖ್ಯವಾಗಿ ದುಂಡುಹುಳುಗಳಲ್ಲಿ. ಒಲವನ್ನು ನಿಯಮವೆಂದು ಓದಿದ್ದು ನಮ್ಮ ತಪ್ಪು.

ಪ್ರಯೋಗಾಲಯದ ಇಲಿಗಳನ್ನೇ ನೋಡಿ. ಸ್ಟ್ರಾಂಜಿಲಾಯ್ಡಿಸ್ ಎಂಬ ದುಂಡುಹುಳು ಗಂಡಿಲಿಗಳಲ್ಲಿ ಚೆನ್ನಾಗಿ ನೆಲೆಯೂರುತ್ತದೆ, ನಿಜ. ಆದರೆ ಟೀನಿಯ ಕ್ರಾಸಿಸೆಪ್ಸ್ ಎಂಬ ಲಾಡಿಹುಳುವಿನ ಕಥೆ ತಿರುಗುಮುರುಗು. ಇದರ ಮರಿಕೋಶಗಳು ಇಲಿಯ ಹೊಟ್ಟೆಯ ಪೊಳ್ಳಿನಲ್ಲಿ ಮೊಗ್ಗೊಡೆದು ವೃದ್ಧಿಯಾಗುತ್ತವೆ, ಹೆಣ್ಣಿಲಿಗಳಲ್ಲೇ ಅಧಿಕ. ವೃಷಣ ತೆಗೆದ ಗಂಡಿಲಿಯಲ್ಲೂ ಅವು ಹೆಚ್ಚುತ್ತವೆ! ಇಲ್ಲಿ ಟೆಸ್ಟೊಸ್ಟೆರಾನ್ ಕಾಯುವ ಪಕ್ಷದಲ್ಲಿದೆ. ಹೀಗಿರುವಾಗ ಒಂದೇ ಲಿಂಗದ ಇಲಿಗಳಲ್ಲಿ ಔಷಧಿ ಪರೀಕ್ಷಿಸಿ, 'ಇಲಿಗಳಲ್ಲಿ' ಎಂದಷ್ಟೇ ಬರೆದ ವರದಿಯನ್ನು ಎಷ್ಟು ನಂಬೋಣ? ಸಂಶೋಧನೆಗೆ ಅನುದಾನ ಕೇಳುವವರು ಪ್ರಾಣಿಯ ಲಿಂಗವನ್ನೂ ಗಣನೆಗೆ ತರಬೇಕೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ವಿಧಿಸಿದ್ದು 2016ರಲ್ಲಿ. ಬಹಳ ತಡವಾಯಿತು.

ಇಲಿಯ ಮಾತು ನಮಗೇಕೆ ಎನ್ನುವಿರಾದರೆ ಚಾಮರಾಜನಗರ, ಗುಂಡ್ಲುಪೇಟೆಗಳ ಕುರಿದೊಡ್ಡಿಗೆ ಬನ್ನಿ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹೀಮಾಂಕಸ್ ಹುಳುವಿಗೆ ಹೆಣ್ಣುಕುರಿ ಈಯುವ ಕಾಲ ಸುಗ್ಗಿ. ಆಗ ತಾಯಿಯ ತಡೆಶಕ್ತಿ ಸಡಿಲಗೊಂಡು ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳು ಏರುತ್ತವೆ; ಮರಿಗಳು ಮೇಯುವ ಹುಲ್ಲಿಗೂ ಸೋಂಕು ಇಳಿಯುತ್ತದೆ. ಟಗರಿಗೇ ಕಾಟ ಹೆಚ್ಚೆಂದು ನಂಬಿ ಈಯುವ ಕುರಿಯನ್ನು ಮರೆತರೆ ನಷ್ಟ ಸಾಕಿದವರದು. ಮಕ್ಕಳಿಂದ ಹಿಕ್ಕೆಯಲ್ಲಿನ ಮೊಟ್ಟೆ ಎಣಿಸುವ ಪ್ರಾಜೆಕ್ಟ್ ಮಾಡಿಸುವಿರಾದರೆ, ಪ್ರತಿ ಮಾದರಿಯ ಚೀಟಿಯಲ್ಲೂ ಕುರಿಯ ಲಿಂಗ, ವಯಸ್ಸು, ಈದ ದಿನ ಮೂರನ್ನೂ ಬರೆಸಿ.