ಪಠ್ಯಕ್ರಮದ ಬಾಲದಲ್ಲಿ ಉಳಿದ ಪಾಠ

ಕ್ಲಿನಿಕಲ್ ಸೈಕಾಲಜಿಯ ಎರಡು ವರ್ಷದ ಎಂ.ಫಿಲ್‌ಗೆಂದು ಭಾರತೀಯ ಪುನರ್ವಸತಿ ಪರಿಷತ್ತು ರೂಪಿಸಿದ ಪಠ್ಯಕ್ರಮದಲ್ಲಿ ಲೈಂಗಿಕ ಸಮಸ್ಯೆಗಳ ಪಾಠ ಎಲ್ಲಿದೆ ಎಂದು ಹುಡುಕಿ ನೋಡಬೇಕು. ಮನೋವೈದ್ಯಶಾಸ್ತ್ರದ ಪತ್ರಿಕೆಯಲ್ಲಿ ಒಂದು ಘಟಕವಿದೆ. ವ್ಯಕ್ತಿತ್ವ ದೋಷಗಳು, ಮದ್ಯ ಮತ್ತು ಮಾದಕ ವಸ್ತುಗಳ ಚಟ, ಹಿಡಿತಕ್ಕೆ ಸಿಗದ ಅಭ್ಯಾಸಗಳು ಎಲ್ಲ ಮುಗಿದ ಮೇಲೆ, ಅದರ ಬಾಲದಲ್ಲಿ ಲೈಂಗಿಕ ದೋಷಗಳು ಬರುತ್ತವೆ. ಚಿಕಿತ್ಸೆಯ ಭಾಗದಲ್ಲಿ ಇನ್ನೊಮ್ಮೆ, ಕುಟುಂಬ ಚಿಕಿತ್ಸೆ, ದಾಂಪತ್ಯ ಚಿಕಿತ್ಸೆ, ಗುಂಪು ಚಿಕಿತ್ಸೆಗಳ ಸಾಲಿನಲ್ಲಿ ಸೆಕ್ಸ್ ಥೆರಪಿಯ ಹೆಸರು ಕಾಣಿಸುತ್ತದೆ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆಯಲು ಇಷ್ಟು ಸಾಕು. ಎದುರಿಗೆ ಬಂದು ಕೂತ ಗಂಡ ಹೆಂಡಿರ ಜೊತೆ ಮಾತಾಡಲು ಸಾಲದು.

ಈ ಕೊರತೆಯನ್ನು ದಕ್ಷಿಣ ಬೆಂಗಳೂರಿನಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿ ತರಬೇತಿ ಬೇರೂರಿದ್ದೇ ಇಲ್ಲಿ. 1954ರಲ್ಲಿ ಹೊಸೂರು ರಸ್ತೆಯಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಮರುವರ್ಷವೇ ಅಲ್ಲಿ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ಬಂತು. 1974ರಲ್ಲಿ ಆ ಸಂಸ್ಥೆ ಪಕ್ಕದ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಜಯನಗರಕ್ಕೂ ಬಿಟಿಎಂ ಲೇಔಟಿಗೂ ಅದು ಕೂಗಳತೆಯ ದೂರ. ಇವತ್ತು ಸೌತ್ ಎಂಡ್ ರಸ್ತೆಯ ಸುರಾನಾ ಕಾಲೇಜು, ಹೊಸೂರು ರಸ್ತೆಯ ಕ್ರೈಸ್ಟ್ ವಿಶ್ವವಿದ್ಯಾಲಯ ಹೀಗೆ ಸುತ್ತಲಿನ ಹಲವು ಕಡೆ ಮನಶ್ಶಾಸ್ತ್ರದ ಸ್ನಾತಕೋತ್ತರ ತರಗತಿಗಳಿವೆ. ಬಿಟಿಎಂ, ಜೆಪಿ ನಗರದ ಪಿ.ಜಿ.ಗಳಲ್ಲಿ ಉಳಿದುಕೊಂಡು ಓದುವ ಈ ಹುಡುಗ ಹುಡುಗಿಯರೇ ನಾಳೆ ಬನಶಂಕರಿಯಲ್ಲೋ ಹಾಸನದಲ್ಲೋ ಬೋರ್ಡು ಹಾಕಿಕೊಂಡು ಕೂರುವವರು.

ಅವರ ಬಾಗಿಲಿಗೆ ಯಾರು ಬರುತ್ತಾರೆ ಎಂಬುದು ಗೊತ್ತಿಲ್ಲದ ಸಂಗತಿಯೇನಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಟಿ.ಎಸ್. ಸತ್ಯನಾರಾಯಣ ರಾವ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಗ್ರಾಮೀಣ ಜನರ ನಡುವೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರು ಗಂಡಸರಲ್ಲಿ ಒಬ್ಬರಿಗೆ, ಏಳು ಹೆಂಗಸರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಲೈಂಗಿಕ ತೊಂದರೆ ಕಂಡುಬಂತು. ಇವರಲ್ಲಿ ಬಹಳ ಮಂದಿ ಮನಶ್ಶಾಸ್ತ್ರಜ್ಞರ ಬಳಿಗೆ ನೇರವಾಗಿ ಬರುವುದಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಫೋನ್ ನಂಬರ್ ಬರೆಸಿದ ‘ಗುಪ್ತರೋಗ ತಜ್ಞ’ರ ಹತ್ತಿರ ಮೊದಲು ಹೋಗುತ್ತಾರೆ. ಪುಡಿ, ಲೇಹ್ಯ, ಇಂಜೆಕ್ಷನ್ನುಗಳಿಗೆ ದುಡ್ಡು ಸುರಿದು, ಯಾವುದೂ ಆಗದೆ ಸೋತ ಮೇಲೆ ‘ನಿದ್ದೆ ಬರ್ತಿಲ್ಲ’, ‘ಮೈ ಕೈ ಸುಸ್ತು’ ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುತ್ತಾರೆ.

ಇಲ್ಲಿಂದ ಮುಂದಿನದು ಕೇಳುವವರ ಕೈಯಲ್ಲಿದೆ. ಕನಕಪುರದ ಕಡೆಯಿಂದ ಬಂದ ಇಪ್ಪತ್ತನಾಲ್ಕರ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಮದುವೆ ಗೊತ್ತಾಗಿದೆ. ‘ನರ ವೀಕಾಗಿದೆ ಮೇಡಂ’ ಎನ್ನುತ್ತಾನೆ. ಹೆಚ್ಚು ಹೇಳುವುದಿಲ್ಲ, ಟೇಬಲ್ಲಿನ ಅಂಚನ್ನೇ ನೋಡುತ್ತಾನೆ. ತರಬೇತಿ ಇಲ್ಲದವರು ಇದನ್ನು ಆತಂಕ ಎಂದು ಬರೆದುಕೊಂಡು ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುತ್ತಾರೆ. ತರಬೇತಿ ಇದ್ದವರು ಅವಸರ ಮಾಡುವುದಿಲ್ಲ. ‘ಈ ವಯಸ್ಸಿನಲ್ಲಿ ಬಹಳ ಜನ ಇದೇ ಮಾತು ಹೇಳ್ತಾರೆ, ಸಂಕೋಚ ಬೇಡ’ ಎಂದು ಶುರು ಮಾಡಿ, ಧಾತು ಹೋಗುತ್ತದೆ ಎನ್ನುವ ಭಯ ಇದೆಯೇ, ಮೂತ್ರದಲ್ಲಿ ಹೋಗುತ್ತದೆ ಎನಿಸಿದೆಯೇ, ಹಸ್ತಮೈಥುನದ ಬಗ್ಗೆ ಯಾರು ಏನು ಹೇಳಿದ್ದಾರೆ ಎಂದು ಒಂದೊಂದಾಗಿ ಕೇಳುತ್ತಾರೆ. ಬೆಳಗ್ಗೆ ಏಳುವಾಗ ನಿಮಿರುವಿಕೆ ಇರುತ್ತದೆಯೇ ಎಂಬ ಪ್ರಶ್ನೆಯನ್ನು ಎಂದೂ ಬಿಡುವುದಿಲ್ಲ. ಇದ್ದರೆ ನರವೂ ರಕ್ತಸಂಚಾರವೂ ಬಹುಮಟ್ಟಿಗೆ ಸರಿಯಿವೆ, ತೊಂದರೆ ಭಯದಲ್ಲಿದೆ ಎಂಬ ಸುಳಿವು ಸಿಗುತ್ತದೆ. ಆ ಒಂದು ಪ್ರಶ್ನೆಯ ಉತ್ತರವನ್ನು ಹುಡುಗನಿಗೇ ವಿವರಿಸಿದಾಗ ಅವನ ಭುಜ ಸಡಿಲವಾಗುವುದು ಕಾಣುತ್ತದೆ.

ವೀರ್ಯನಾಶದ ಈ ಭಯಕ್ಕೆ ‘ಧಾತ್ ಸಿಂಡ್ರೋಮ್’ ಎಂದು 1960ರಲ್ಲಿ ಹೆಸರಿಟ್ಟವರು ಭಾರತದ ಮನೋವೈದ್ಯ ಡಾ. ಎನ್.ಎನ್. ವಿಗ್. ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ ಎಂಬ ನಂಬಿಕೆಯಲ್ಲಿ ಬೆಳೆದವನಿಗೆ ‘ಅದೆಲ್ಲ ಸುಳ್ಳು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಅವನು ಎದ್ದು ಹೋಗುತ್ತಾನೆ, ಮತ್ತೆ ಗೋಡೆಯ ಮೇಲಿನ ನಂಬರಿಗೇ ಫೋನ್ ಮಾಡುತ್ತಾನೆ. ನಂಬಿಕೆಯನ್ನು ಗೌರವದಿಂದ ಕೇಳಿಸಿಕೊಂಡು, ದೇಹದ ಕೆಲಸವನ್ನು ಚಿತ್ರ ಬರೆದು ತೋರಿಸಿ, ಭಯವನ್ನು ಕರಗಿಸುವುದು ಒಂದು ಕಸುಬು. ಪುಸ್ತಕ ಓದಿ ಅದು ಬರುವುದಿಲ್ಲ.

ಈ ಕಸುಬನ್ನು ಕಲಿಯುವವರ ಪಾಡನ್ನೂ ನೋಡಬೇಕು. ಬೆಂಗಳೂರಿನ ಮನಶ್ಶಾಸ್ತ್ರ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು. ಇಂಥ ತೊಂದರೆ ಹೇಳಿಕೊಂಡು ಬರುವವರಲ್ಲಿ ಗಂಡಸರೇ ಹೆಚ್ಚು. ‘ನಿಮಗೆ ಮದುವೆ ಆಗಿದೆಯಾ ಮೇಡಂ?’ ಎಂಬ ಪ್ರಶ್ನೆ ಬಂದಾಗ ಏನು ಹೇಳುವುದು? ಕೆಲವರು ಮುಗ್ಧವಾಗಿ ಕೇಳುತ್ತಾರೆ, ಕೆಲವರು ಎದುರಿಗಿರುವವಳನ್ನು ಮುಜುಗರಕ್ಕೆ ಸಿಕ್ಕಿಸಲೆಂದೇ ಕೇಳುತ್ತಾರೆ. ಎರಡನ್ನೂ ಬೇರೆ ಮಾಡಿ ನೋಡುವುದು, ಎರಡನೆಯ ಸಂದರ್ಭದಲ್ಲಿ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ ಎದ್ದು ಬರಲು ತನಗೆ ಹಕ್ಕಿದೆ ಎಂದು ತಿಳಿದಿರುವುದು, ಇವನ್ನು ಸೂಪರ್‌ವೈಸರ್ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಟ್ರೇನಿಯೂ ಒಂದು ಮನೆಯಿಂದ ಬಂದವಳು. ಮುಟ್ಟಾದಾಗ ಮೂಲೆಯಲ್ಲಿ ಕೂರಿಸಿದ್ದು, ಪ್ರೀತಿಸಿದ ಅಕ್ಕನಿಗೆ ಮನೆಯವರು ಬೈದದ್ದು ಅವಳೊಳಗೂ ಇರುತ್ತದೆ. ಅದನ್ನು ತೆರೆದು ನೋಡಿಕೊಳ್ಳದೆ ಇನ್ನೊಬ್ಬರ ಕಥೆ ಕೇಳಿದರೆ, ತೀರ್ಪು ಮುಖದ ಮೇಲೇ ಮೂಡುತ್ತದೆ.

ಅಮೆರಿಕದಲ್ಲಿ ಸೆಕ್ಸ್ ಥೆರಪಿಸ್ಟ್‌ಗಳಿಗೆ ಮಾನ್ಯತೆ ಕೊಡುವ ಎಎಎಸ್‌ಇಸಿಟಿ ಸಂಘ ಇದನ್ನು ನಿಯಮವನ್ನಾಗಿಯೇ ಮಾಡಿದೆ. ತಮ್ಮ ಸ್ವಂತ ಧೋರಣೆಗಳನ್ನು ಪರೀಕ್ಷಿಸಿಕೊಳ್ಳುವ ಗುಂಪು ತರಬೇತಿ, ಕನಿಷ್ಠ 300 ಗಂಟೆ ಚಿಕಿತ್ಸೆಯ ಅನುಭವ, 50 ಗಂಟೆ ಸೂಪರ್‌ವಿಷನ್ ಇಲ್ಲದೆ ಅಲ್ಲಿ ಪ್ರಮಾಣಪತ್ರ ಸಿಗುವುದಿಲ್ಲ. ನಮ್ಮಲ್ಲಿ ಎರಡು ದಿನದ ಕಾರ್ಯಾಗಾರ, ರೆಕಾರ್ಡ್ ಮಾಡಿದ ಆನ್‌ಲೈನ್ ಪಾಠ ಮುಗಿಸಿದರೆ ಸರ್ಟಿಫಿಕೇಟ್ ಕೈಗೆ ಬರುತ್ತದೆ. ಅಂಥ ಕೋರ್ಸುಗಳು ಮಾಹಿತಿ ಕೊಡುತ್ತವೆ, ಅದು ಬೇಡ ಎನ್ನುವಂತಿಲ್ಲ. ಒಬ್ಬ ರೋಗಿಯನ್ನೂ ಕಾಣದೆ ಪಡೆದ ಕಾಗದವನ್ನು ಗೋಡೆಗೆ ತೂಗುಹಾಕಿ ಫೀಸು ತೆಗೆದುಕೊಳ್ಳುವುದು ಮಾತ್ರ ಅನ್ಯಾಯ. ಭಾರತದಲ್ಲಿ ಲೈಂಗಿಕ ವೈದ್ಯಕ್ಕೆಂದೇ ಪ್ರತ್ಯೇಕ ಎಂ.ಡಿ. ಪದವಿ ಇಲ್ಲದಿರುವುದರಿಂದ ಯಾರು ಬೇಕಾದರೂ ‘ಸೆಕ್ಸಾಲಜಿಸ್ಟ್’ ಎಂದು ಬೋರ್ಡು ಬರೆಸುವ ಪರಿಸ್ಥಿತಿ ಮೊದಲೇ ಇದೆ. ಮನಶ್ಶಾಸ್ತ್ರಜ್ಞರೂ ಆ ಸಾಲಿಗೆ ಸೇರಬಾರದು.

ಇನ್ನು ಪಾಠದಲ್ಲಿ ಇರುವುದನ್ನಾದರೂ ನಮ್ಮ ಮನೆಗಳಿಗೆ ಹೊಂದಿಸಿ ಹೇಳಿಕೊಡುತ್ತಿದ್ದೇವೆಯೇ? ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಕಟಿಸಿದ ಚಿಕಿತ್ಸಾ ಕ್ರಮವನ್ನು ಎಲ್ಲ ವಿದ್ಯಾರ್ಥಿಗಳೂ ಓದುತ್ತಾರೆ. ದಂಪತಿಗೆ ಮೊದಲು ಸಂಭೋಗವನ್ನೇ ಬೇಡ ಎನ್ನುವುದು, ಬರೀ ಸ್ಪರ್ಶದಿಂದ ಶುರು ಮಾಡಿ ದಿನದಿಂದ ದಿನಕ್ಕೆ ಒಂದೊಂದು ಹೆಜ್ಜೆ ಮುಂದೆ ಹೋಗುವುದು, ‘ಆಗುತ್ತದೋ ಇಲ್ಲವೋ’ ಎಂಬ ಪರೀಕ್ಷೆಯ ಭಯವನ್ನು ಹಾಗೆ ಕಳೆಯುವುದು. ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ಬಂದು ಎರಡು ವಾರ ಬೇರೆ ಕೆಲಸವಿಲ್ಲದೆ ಉಳಿದುಕೊಂಡ ದಂಪತಿಗಳ ಜೊತೆ ಒಬ್ಬ ಗಂಡು ಒಬ್ಬ ಹೆಣ್ಣು ಚಿಕಿತ್ಸಕರು ಸೇರಿ ಬೆಳೆಸಿದ ಪದ್ಧತಿ ಅದು. ಬನಶಂಕರಿ ಮೂರನೇ ಹಂತದ ಬಾಡಿಗೆ ಮನೆಯಲ್ಲಿ ಒಂದು ಹಾಲು, ಒಂದು ರೂಮು. ಹಾಲಿನಲ್ಲಿ ಅತ್ತೆ ಮಾವ, ಬಾಗಿಲಿಗೆ ಚಿಲಕ ಹಾಕಿದರೆ ಬೆಳಗ್ಗೆ ಅತ್ತೆಯ ಮುಖ ಬಿಗಿಯುತ್ತದೆ. ಗಂಡನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ, ಹೆಂಡತಿಗೆ ಬೆಳಗಿನ ಶಾಲೆ. ‘ವಾರಕ್ಕೆ ಮೂರು ಸಲ, ಒಂದೊಂದು ಗಂಟೆ’ ಎಂಬ ಮನೆಗೆಲಸ ಇಲ್ಲಿ ಹೇಗೆ ನಡೆಯಬೇಕು? ಒಳ್ಳೆಯ ಸೂಪರ್‌ವೈಸರುಗಳು ಇದನ್ನು ಮೊದಲ ಭೇಟಿಯಲ್ಲೇ ಕೇಳಿಸುತ್ತಾರೆ: ಮನೆಯಲ್ಲಿ ಯಾರಿದ್ದಾರೆ, ಎಲ್ಲಿ ಮಲಗುತ್ತೀರಿ, ಇಬ್ಬರೂ ಎಚ್ಚರವಾಗಿ ಒಟ್ಟಿಗಿರುವ ಹೊತ್ತು ಯಾವುದು. ಮದುವೆಯಾಗಿ ವರ್ಷ ಎರಡು ವರ್ಷವಾದರೂ ಕೂಡಲಾಗದ ದಂಪತಿಗಳಲ್ಲಿ ಹೆಣ್ಣಿಗೆ ವಜೈನಿಸ್ಮಸ್ ಇರುವುದುಂಟು. ಭಯಕ್ಕೆ ಯೋನಿಯ ಸ್ನಾಯು ತಾನಾಗಿ ಬಿಗಿದುಕೊಳ್ಳುತ್ತದೆ, ಅವಳ ಇಚ್ಛೆಯ ಮಾತು ಅದರಲ್ಲಿಲ್ಲ. ಇದು ತಿಳಿಯದ ಹಿರಿಯರು ‘ಹೊಂದಿಕೊಂಡು ಹೋಗಮ್ಮ’ ಎಂದು ಬುದ್ಧಿ ಹೇಳುತ್ತಾರೆ, ಇಲ್ಲವೇ ವಿಚ್ಛೇದನದ ಮಾತೆತ್ತುತ್ತಾರೆ. ತಿಂಗಳುಗಟ್ಟಲೆ ತಾಳ್ಮೆಯಿಂದ ಚಿಕಿತ್ಸೆ ಮಾಡಿದರೆ ವಾಸಿಯಾಗುವ ತೊಂದರೆ ಇದು. ಅಂಥ ಒಂದು ಕೇಸನ್ನಾದರೂ ಮೊದಲಿಂದ ಕೊನೆಯವರೆಗೆ ನೋಡದೆ ಯಾರಿಗೂ ಪದವಿ ಕೊಡಬಾರದು.

ದೇಹವನ್ನು ಮರೆತ ಮನಶ್ಶಾಸ್ತ್ರವೂ ಅಪಾಯಕಾರಿ. ನಲವತ್ತೈದರ ಗಂಡಸಿಗೆ ನಿಮಿರುವಿಕೆ ಕಡಿಮೆಯಾಗುತ್ತಿದ್ದರೆ ಅದು ಪತ್ತೆಯಾಗದ ಸಕ್ಕರೆ ಕಾಯಿಲೆಯ ಮೊದಲ ಲಕ್ಷಣವಾಗಿರಬಹುದು, ಹೃದಯದ ರಕ್ತನಾಳಗಳ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು. ಖಿನ್ನತೆಗೆ ಕೊಡುವ ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್‌ನಂಥ ಮಾತ್ರೆಗಳು ಕಾಮಾಸಕ್ತಿಯನ್ನು ಕುಗ್ಗಿಸುತ್ತವೆ. ಇದನ್ನು ಹೇಳಿಕೊಳ್ಳಲು ನಾಚಿ ರೋಗಿ ಮಾತ್ರೆಯನ್ನೇ ನಿಲ್ಲಿಸುತ್ತಾನೆ, ಖಿನ್ನತೆ ಮರಳುತ್ತದೆ, ಕಾರಣ ಮಾತ್ರ ಕಡತದಲ್ಲಿ ದಾಖಲಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ತಂದ ಐಸಿಡಿ-11 ರೋಗ ವರ್ಗೀಕರಣ ಲೈಂಗಿಕ ತೊಂದರೆಗಳನ್ನು ಮಾನಸಿಕ ರೋಗಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯ ಎಂಬ ಪ್ರತ್ಯೇಕ ಅಧ್ಯಾಯದಲ್ಲಿಟ್ಟಿದೆ. ದೇಹ ಬೇರೆ, ಮನಸ್ಸು ಬೇರೆ ಎಂಬ ಹಳೆಯ ಗೋಡೆಯನ್ನು ಅದು ಒಡೆದಿದೆ. ನಮ್ಮ ತರಬೇತಿಯಲ್ಲಿ ಆ ಗೋಡೆ ಇನ್ನೂ ನಿಂತಿದೆ. ಟ್ರೇನಿಯೊಬ್ಬರು ಸ್ತ್ರೀರೋಗ ವಿಭಾಗದಲ್ಲೋ ಮೂತ್ರರೋಗ ವಿಭಾಗದಲ್ಲೋ ಕೆಲವು ವಾರ ಕಳೆದರೆ ಯಾರನ್ನು ಯಾವಾಗ ವೈದ್ಯರ ಬಳಿ ಕಳಿಸಬೇಕು ಎಂಬುದು ಕಣ್ಣಾರೆ ತಿಳಿಯುತ್ತದೆ.

ಅರೆಬರೆ ಕಲಿತವರು ಎಷ್ಟು ಹಾನಿ ಮಾಡಬಲ್ಲರು ಎಂಬುದಕ್ಕೆ ಇತಿಹಾಸವೇ ಸಾಕ್ಷಿ. 1980ರ ದಶಕದಲ್ಲೂ ಭಾರತದ ಮನೋವೈದ್ಯ ಪತ್ರಿಕೆಗಳಲ್ಲಿ ಸಲಿಂಗಕಾಮವನ್ನು ‘ವಾಸಿ’ ಮಾಡುವ ವರ್ತನಾ ಚಿಕಿತ್ಸೆಯ ವರದಿಗಳು ಬರುತ್ತಿದ್ದವು. ಬೆಂಗಳೂರಿನವರೇ ಆದ ಅರವಿಂದ್ ನಾರಾಯಣ್ ಮತ್ತು ವಿನಯ್ ಚಂದ್ರನ್ ಇಲ್ಲಿನ ಮನೋವೈದ್ಯರನ್ನೂ ಮನಶ್ಶಾಸ್ತ್ರಜ್ಞರನ್ನೂ ಮಾತಾಡಿಸಿ ಈ ಧೋರಣೆಗಳನ್ನು ದಾಖಲಿಸಿದ್ದಾರೆ. ಇವರಿಬ್ಬರ ಸಂಪಾದನೆಯ ‘ನಥಿಂಗ್ ಟು ಫಿಕ್ಸ್’ 2016ರಲ್ಲಿ ಪ್ರಕಟವಾಯಿತು. ಸಲಿಂಗಕಾಮ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 377ನೇ ಕಲಮಿನ ತೀರ್ಪು ಕೊಟ್ಟದ್ದು 2018ರ ಸೆಪ್ಟೆಂಬರ್ 6ರಂದು. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಸಲಿಂಗಿ ಜೋಡಿಯೊಂದರ ಪ್ರಕರಣದಲ್ಲಿ ತೀರ್ಪು ಬರೆಯುವ ಮುಂಚೆ, ತನಗೆ ಈ ವಿಷಯ ಸರಿಯಾಗಿ ತಿಳಿದಿಲ್ಲ ಎಂದು ಒಪ್ಪಿಕೊಂಡು ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕೂತು ಕಲಿತರು. ಹೈಕೋರ್ಟ್ ನ್ಯಾಯಮೂರ್ತಿ ತೋರಿಸಿದ ಈ ವಿನಯವನ್ನು ತರಬೇತಿಯ ಮೊದಲ ವರ್ಷದಲ್ಲೇ ಪ್ರತಿ ವಿದ್ಯಾರ್ಥಿಯಿಂದ ನಿರೀಕ್ಷಿಸುವುದು ಹೆಚ್ಚೇನಲ್ಲ.

ಕಾನೂನಿನ ಮಾತೂ ಇದೆ. ಹದಿನೇಳರ ಹುಡುಗಿ ತನ್ನ ಗೆಳೆಯನ ಜೊತೆಗಿನ ಲೈಂಗಿಕ ಸಂಬಂಧ ಹೇಳಿಕೊಂಡರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಅದನ್ನು ವರದಿ ಮಾಡಲೇಬೇಕು. ಗೋಪ್ಯತೆಯ ಮಿತಿ ಏನು ಎಂದು ಅವಳಿಗೆ ಮಾತು ಶುರುವಾಗುವ ಮೊದಲೇ ಹೇಳಬೇಕಾದ ಹೊಣೆ ಟ್ರೇನಿಯದು. ಇದನ್ನು ನೈತಿಕತೆಯ ತರಗತಿಯಲ್ಲಿ ಒಂದು ಸ್ಲೈಡಿನಲ್ಲಿ ತೋರಿಸಿ ಮುಗಿಸುವಂತಿಲ್ಲ.

ಕನ್ನಡದಲ್ಲಿ ಈ ಮಾತುಗಳೇ ಇಲ್ಲ ಎಂಬ ನೆಪ ನಿಲ್ಲುವುದಿಲ್ಲ. ಡಾ. ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದು ಸಾವಿರಾರು ಮನೆಗಳ ಸಂಕೋಚ ಕಳೆದರು. ನಿಮ್ಹಾನ್ಸ್‌ನಲ್ಲಿ ದಶಕಗಳ ಕಾಲ ದುಡಿದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ನೂರಾರು ಕನ್ನಡ ಪುಸ್ತಕಗಳನ್ನು ಕೊಟ್ಟಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸ್ತ್ರೀರೋಗ ಮತ್ತು ಲೈಂಗಿಕ ತಜ್ಞೆ ಡಾ. ಪದ್ಮಿನಿ ಪ್ರಸಾದ್ ಓದುಗರ, ವೀಕ್ಷಕರ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟವರು. ಇಂಗ್ಲಿಷ್ ಪಠ್ಯ ಮಾತ್ರ ಓದಿ ಬಂದ ವಿದ್ಯಾರ್ಥಿಗಳಿಗೆ ಇವರ ಬರಹಗಳನ್ನು ಕಡ್ಡಾಯ ಓದಾಗಿ ಕೊಟ್ಟರೆ, ಕನಕಪುರದ ಹುಡುಗನ ಜೊತೆ ಯಾವ ದನಿಯಲ್ಲಿ ಮಾತಾಡಬೇಕು ಎಂಬುದು ಕಿವಿಗೆ ಬೀಳುತ್ತದೆ.

ಎರಡು ವರ್ಷದಲ್ಲಿ ಈಗಿರುವುದೇ ತುಂಬಿ ತುಳುಕುತ್ತಿದೆ, ಇನ್ನೊಂದು ಪೋಸ್ಟಿಂಗ್ ಎಲ್ಲಿ ತುರುಕುವುದು ಎಂದು ಅಧ್ಯಾಪಕರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ, ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಅಲ್ಲಿ ಪಳಗಿದವರ ಕೆಲಸದಲ್ಲಿ ಅದರ ಫಲ ಕಾಣುತ್ತದೆ. ಎಂ.ಬಿ.ಬಿ.ಎಸ್. ಪಠ್ಯದಲ್ಲೇ ಮನೋಲೈಂಗಿಕ ತೊಂದರೆಗಳು ಪ್ರತ್ಯೇಕ ವಿಷಯವಾಗಿರುವಾಗ, ದಿನವಿಡೀ ಮಾತಿನಲ್ಲೇ ಚಿಕಿತ್ಸೆ ಮಾಡುವವರಿಗೆ ಅದು ಅರ್ಧ ಸಾಲಾಗಿ ಉಳಿಯುವುದು ಸರಿಯಲ್ಲ. ಯುಜಿಸಿ ಈ ಎಂ.ಫಿಲ್‌ಗೆ 2025-26ರ ಸಾಲಿನವರೆಗೆ ಮಾತ್ರ ಅವಕಾಶ ಕೊಟ್ಟದ್ದರಿಂದ ಅದರ ಜಾಗಕ್ಕೆ ಹೊಸ ಕೋರ್ಸುಗಳು ಬರುತ್ತಿವೆ. ಪಠ್ಯಕ್ರಮಗಳಿಗೆ ಅಂತಿಮ ರೂಪ ಕೊಡುವವರ ಮೇಜಿನ ಮೇಲೆ ಮೂರು ಬೇಡಿಕೆಗಳು ಇರಬೇಕು: ಕೆಲವು ವಾರಗಳ ಕಡ್ಡಾಯ ಪೋಸ್ಟಿಂಗ್, ಸೂಪರ್‌ವೈಸರ್ ಸಹಿ ಹಾಕಿದ ಕನಿಷ್ಠ ಐದು ಕೇಸುಗಳ ದಾಖಲೆ, ಅವುಗಳಲ್ಲಿ ಎರಡಾದರೂ ಹೆಂಗಸರವು.